‘ಸರ್ವರಿಗೂ’ ಅಂತ ಬರೆದಿದ್ದ ಕಲ್ಲು

"ಒತ್ತಕ್ಷರ ಜಾಸ್ತಿ ಆಯ್ತು ಮೇಡಂ," ಅಂದರು ಕಲ್ಲು ಕೆತ್ತುವವರು.

ನಾನು ಕೊಟ್ಟ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಪೆನ್ಸಿಲ್ ತುದಿಯಿಂದ ಒಂದೊಂದೇ ಅಕ್ಷರ ಎಣಿಸುತ್ತಿದ್ದರು. ಅವರದು ಅಕ್ಷರದ ಲೆಕ್ಕದಲ್ಲಿ ಕೂಲಿ. ಆದರೆ ಅವರ ಚಿಂತೆ ಕೂಲಿಯದಲ್ಲ, ಜಾಗದ್ದು. ಕನ್ನಡದಲ್ಲಿ ಒತ್ತು ಕೆಳಕ್ಕೆ ಇಳಿಯುತ್ತದೆ. ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏಳುತ್ತದೆ. ಎರಡೂ ಒಂದಕ್ಕೊಂದು ತಾಗಬಾರದು ಅಂದರೆ ಸಾಲುಗಳ ನಡುವೆ ಜಾಗ ಬಿಡಬೇಕು. ಹಾಗೆ ಬಿಟ್ಟರೆ ಎರಡಡಿ ಎತ್ತರದ ಕಲ್ಲಿನಲ್ಲಿ ಆರು ಸಾಲು ಹಿಡಿಯುತ್ತದೆ. ಅಷ್ಟೇ.

"ನಿಮ್ಮದು ಹನ್ನೊಂದು ಸಾಲಿದೆ. ಅಕ್ಷರ ಸಣ್ಣದು ಮಾಡಬಹುದು. ಆದ್ರೆ ವಯಸ್ಸಾದವರಿಗೆ ಓದೋಕಾಗಲ್ಲ. ಆಮೇಲೆ ಯಾತಕ್ಕೆ ಕಲ್ಲು?"

ಶಿವಮೊಗ್ಗದ ಆ ಅಂಗಡಿಯಿಂದ ಹಾಳೆ ವಾಪಸ್ ತಗೊಂಡು ಬಸ್ ಹತ್ತಿದೆ. ಒಂದೂವರೆ ಗಂಟೆ ದಾರಿ. ದಾರಿಯುದ್ದಕ್ಕೂ ಹನ್ನೊಂದು ಸಾಲನ್ನು ಆರು ಮಾಡುವುದು ಹೇಗೆ ಅಂತ ನೋಡುತ್ತಾ ಬಂದೆ. ಯಾವ ಸಾಲನ್ನೂ ಬಿಡಲು ಮನಸ್ಸು ಬರಲಿಲ್ಲ. ಆ ಹಾಳೆಯ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಿನ ಹಳೇ ಲೈಬ್ರರಿ ಕಟ್ಟಡ ನೋಡಿದರೆ ನಿಮಗೆ ನಿಮ್ಮೂರಿನದೇ ನೆನಪಾಗಬಹುದು. ಅದಕ್ಕೇ ಊರಿನ ಹೆಸರು ಹೇಳುತ್ತಿಲ್ಲ. ಜಂಬಿಟ್ಟಿಗೆ ಗೋಡೆ, ಮಂಗಳೂರು ಹೆಂಚಿನ ಮಾಡು, ಮುಂದೆ ಉದ್ದಕ್ಕೆ ಜಗಲಿ, ಐದು ಮೆಟ್ಟಿಲು. ಒಳಗೆ ಒಂದೇ ದೊಡ್ಡ ಕೋಣೆ, ಪಕ್ಕದಲ್ಲಿ ಒಂದು ಸಣ್ಣದು. 2008ರಲ್ಲಿ ಲೈಬ್ರರಿ ಬಸ್ ಸ್ಟ್ಯಾಂಡಿನ ಹಿಂದಿನ ಹೊಸ ಆರ್‌ಸಿಸಿ ಕಟ್ಟಡಕ್ಕೆ ಹೋಯಿತು. ಹಳೆಯದಕ್ಕೆ ಬೀಗ ಬಿತ್ತು. ಮಲೆನಾಡಿನಲ್ಲಿ ಬೀಗ ಹಾಕಿದ ಮನೆ ಎಷ್ಟು ಬೇಗ ಹಾಳಾಗುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಮೊದಲು ಒಂದು ಹೆಂಚು ಜಾರುತ್ತದೆ. ಅಲ್ಲಿಂದ ನೀರು. ನೀರು ಬಿದ್ದ ಕಡೆ ರೀಪು ಕೊಳೆಯುತ್ತದೆ, ಆಮೇಲೆ ಪಕಾಸಿ. ಅಷ್ಟರಲ್ಲಿ ಗೆದ್ದಲು ಬಂದಿರುತ್ತದೆ. ನಾಲ್ಕು ಮಳೆಗಾಲ ಸಾಕು.

ಊರಿನ ಕೆಲವರು ಸೇರಿ, ಪರ್ಮಿಷನ್ನಿಗೆ ಓಡಾಡಿ, ದುಡ್ಡು ಕೂಡಿಸಿ ಎರಡು ಬೇಸಿಗೆಯಲ್ಲಿ ಅದನ್ನು ಸರಿಮಾಡಿದೆವು. ಈಗ ಅಲ್ಲಿ ಶನಿವಾರ ಮಕ್ಕಳಿಗೆ ಕಥೆ ಓದುತ್ತೇವೆ. ಉಳಿದ ದಿನ ಸಂಜೆ ಹಿರಿಯರು ಬಂದು ಕೂರುತ್ತಾರೆ.

ಸರಿಮಾಡುವಾಗ ಮುಖ್ಯವಾದ ಕೆಲಸ ಸಿಮೆಂಟ್ ಕೀಳುವುದಾಗಿತ್ತು. ಹಿಂದೆ ಯಾವಾಗಲೋ ಗೋಡೆ ಗಟ್ಟಿ ಆಗಲಿ ಅಂತ ಗಾರೆ ಕಿತ್ತು ಸಿಮೆಂಟ್ ಬಳಿದಿದ್ದರು. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ಮಳೆಗಾಲದಲ್ಲಿ ಕುಡಿದದ್ದನ್ನು ಬೇಸಿಗೆಯಲ್ಲಿ ಬಿಟ್ಟುಕೊಡಬೇಕು. ಸುಣ್ಣದ ಗಾರೆ ಅದಕ್ಕೆ ಅವಕಾಶ ಕೊಡುತ್ತದೆ, ಸಿಮೆಂಟ್ ಕೊಡುವುದಿಲ್ಲ. ತೇವ ಒಳಗೇ ಉಳಿದು ಕಲ್ಲು ಪುಡಿಯಾಗುತ್ತಾ ಹೋಗುತ್ತದೆ. ಸಿಮೆಂಟ್ ಚಕ್ಕೆ ಎಬ್ಬಿಸಿದಾಗ ಹಿಂದಿನಿಂದ ಕೆಂಪು ಮಣ್ಣು ಸುರಿಯುತ್ತಿತ್ತು. ಅದನ್ನು ನೋಡಿ ಹೊಟ್ಟೆ ಉರಿಯಿತು.

ಮೊದಲನೇ ಕಲ್ಲು ಸಿಕ್ಕಿದ್ದೂ ಹಾಗೆಯೇ.

ಬಾಗಿಲ ಮೇಲೆ ಒಂದು ಚೌಕ ಉಬ್ಬು ಇತ್ತು. ಅಲಂಕಾರಕ್ಕೆ ಮಾಡಿದ್ದು ಅಂತ ಎಲ್ಲರೂ ತಿಳಿದಿದ್ದೆವು. ಮೇಸ್ತ್ರಿ ಅದರ ಮೇಲೆ ಮೆಲ್ಲಗೆ ಬಡಿದರೆ ಬೇರೆ ಸದ್ದು ಬಂತು. ಏಳೆಂಟು ಪದರ ಸುಣ್ಣ. ಬಿಳಿ, ಹಳದಿ, ನೀಲಿ, ಮತ್ತೆ ಬಿಳಿ. ಒದ್ದೆ ಬಟ್ಟೆ ಹಾಕಿ ನೆನೆಸಿ, ಬಿದಿರಿನ ಚಕ್ಕೆಯಿಂದ ಕೆರೆದೆವು. ಕಬ್ಬಿಣ ಮುಟ್ಟಿಸಬೇಡಿ ಅಂತ ಮೇಸ್ತ್ರಿ ಗಟ್ಟಿಯಾಗಿ ಹೇಳಿದ್ದರು. ಎರಡು ದಿನ ಹಿಡಿಯಿತು. ಅಮೃತಶಿಲೆಯ ಹಲಗೆ, ಕೆತ್ತಿದ ಅಕ್ಷರ, ಅಕ್ಷರದೊಳಗೆ ಅಲ್ಲಲ್ಲಿ ಕಪ್ಪು ಬಣ್ಣ.

‘ಯುವನಾಮ ಸಂವತ್ಸರದ ಆಶ್ವಯುಜ ಶುದ್ಧ ದಶಮಿ’ ಅಂತ ಶುರುವಾಗುತ್ತದೆ. ಇಸವಿ ಇಲ್ಲ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದಲ್ಲ, ಹಾಗಾಗಿ ಯುವ ಅಂದರೆ 1875 ಆಗಬಹುದು, 1935 ಆಗಬಹುದು. ಕೆಲಸಕ್ಕೆ ಬಂದ ಹುಡುಗರು 1875 ಅಂತಲೇ ಹಟ ಹಿಡಿದರು. ಯಾಕೆಂದರೆ ಮಾಡಿನಿಂದ ಇಳಿಸಿದ ಕೆಲವು ಹೆಂಚಿನ ಅಡಿಯಲ್ಲಿ 1865 ಅಂತ ಅಚ್ಚು ಇತ್ತು. ಅದು ಕಟ್ಟಡದ ಇಸವಿ ಅಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಇಸವಿ ಅದು. ಆಮೇಲೆ ಎಷ್ಟೋ ವರ್ಷ ಅದನ್ನೇ ಅಚ್ಚಿನಲ್ಲಿ ಹಾಕುತ್ತಿದ್ದರು. ಕಲ್ಲಿನ ಎರಡನೇ ಸಾಲಿನಲ್ಲಿ ಉತ್ತರ ಇತ್ತು: ‘ಮಹಾರಾಜ ಶ್ರೀ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ.’ ಮುಮ್ಮಡಿಯವರು 1868ರಲ್ಲೇ ತೀರಿಕೊಂಡಿದ್ದರು. ನಾಲ್ವಡಿಯವರು 1940ರವರೆಗೆ ಇದ್ದರು. ಹಾಗಾದರೆ 1935ರ ಅಕ್ಟೋಬರ್, ವಿಜಯದಶಮಿಯ ದಿನ. ಶಿವಮೊಗ್ಗದಲ್ಲಿ ಕರ್ನಾಟಕ ಸಂಘ ಹುಟ್ಟಿದ್ದು 1930ರಲ್ಲಿ. ಅಂದರೆ ಇಡೀ ಜಿಲ್ಲೆಗೆ ಓದುವ, ಸೇರುವ, ಮಾತಾಡುವ ಹಂಬಲ ಹಿಡಿದಿದ್ದ ಕಾಲ ಅದು.

ಆಮೇಲೆ ಕಟ್ಟಿಸಿದವರ ಹೆಸರು. ಅದರ ಕೆಳಗೆ ಕೊನೇ ಸಾಲು. ಅದನ್ನು ನಾವು ಮೊದಲು ಓದಿದ್ದು ಹೀಗೆ: ‘ವಾಚನ ಮಂದಿರ. ಸವರಿಗೂ ಮುಕ್ತದ್ವಾರ.’

ಸವರಿಗೂ? ಅದು ಯಾರ ಹೆಸರು? ಊರಿನ ಹೆಸರಾ? ಅರ್ಧ ದಿನ ತಲೆ ಕೆಡಿಸಿಕೊಂಡೆವು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ‘ವ’ದ ಪಕ್ಕದಲ್ಲಿ ಒಂದು ಸಣ್ಣ ಗುಳಿ ಕಂಡಿತು. ಗುಳಿಯ ತುಂಬ ಸುಣ್ಣ. ನಾನೇ ಏಣಿ ಹತ್ತಿ ಕಡ್ಡಿಯಿಂದ ಕೆದಕಿದೆ. ಸುಣ್ಣ ಹರಳಿನ ಹಾಗೆ ಕಟ್ಟಿತ್ತು. ಸ್ವಲ್ಪ ನೀರು ಬಿಟ್ಟು, ಕಾದು, ಮತ್ತೆ ಕೆದಕಿದೆ. ಸುರುಳಿಯಾಗಿ ಒಂದು ಗೆರೆ ಹೊರಗೆ ಬಂತು. ಅರ್ಕಾವೊತ್ತು. ಸರ್ವರಿಗೂ.

ಕೆಳಗೆ ಏಣಿ ಹಿಡಿದಿದ್ದ ಹುಡುಗ "ಏನಂತೆ?" ಅಂತ ಕೇಳಿದ. ಎಲ್ಲರಿಗೂ ಬಾಗಿಲು ತೆರೆದಿದೆ ಅಂತ, ಅಂದೆ. ನನ್ನ ಗಂಟಲು ಕಟ್ಟಿತ್ತು. ಒಂದು ಸಣ್ಣ ಊರಿನಲ್ಲಿ, 1935ರಲ್ಲಿ, ಯಾರೋ ಒಬ್ಬರು ಸ್ವಂತ ದುಡ್ಡಿನಲ್ಲಿ ಓದುವ ಮನೆ ಕಟ್ಟಿ ಅದರ ಬಾಗಿಲ ಮೇಲೆ ಈ ಮಾತು ಕೆತ್ತಿಸಿದ್ದಾರೆ. ಆ ಕಲ್ಲನ್ನು ನಾವು ಎಷ್ಟೋ ವರ್ಷ ಸುಣ್ಣದಲ್ಲಿ ಮುಚ್ಚಿದ್ದೆವು.

ಎರಡನೇ ಕಲ್ಲಿನ ಬಗ್ಗೆ ನನಗೆ ಆಗ ಯಾವ ಪ್ರೀತಿಯೂ ಇರಲಿಲ್ಲ. ಬಾಗಿಲ ಬಲಗಡೆ, ಎದೆಮಟ್ಟದಲ್ಲಿ, ಒಂದು ಸಿಮೆಂಟ್ ಹಲಗೆ. ‘ಮೈಸೂರು ಸರ್ಕಾರ, ಸಾರ್ವಜನಿಕ ಗ್ರಂಥಾಲಯ ಇಲಾಖೆ, 1971.’ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ. ಅದಕ್ಕೇ ಇಲ್ಲಿ ಮೈಸೂರು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಹಲಗೆ ಒಡೆದಿತ್ತು, ಕಂದು ನೀರಿನ ಗುರುತು ಗೋಡೆಗೆ ಇಳಿದಿತ್ತು. ಕಿತ್ತು ಹಾಕೋಣ ಅಂತ ಮೀಟಿಂಗಿನಲ್ಲಿ ಮೊದಲು ಹೇಳಿದವಳು ನಾನೇ. ಯಾರೂ ಬೇಡ ಅನ್ನಲಿಲ್ಲ.

ಮೂರನೆಯದು ಹೊಸ ಕಲ್ಲು. ಕಟ್ಟಡ ಸರಿಮಾಡಿದ್ದಕ್ಕೆ ಒಂದು ಕಲ್ಲು ಹಾಕಬೇಕು ಅಂತ ತೀರ್ಮಾನ ಆಯಿತು. ಅದರ ಮಾತು ಬರೆಯುವ ಕೆಲಸ ನನಗೆ ಬಂತು. ಮೊದಲು ನನ್ನ ಕೈಗೆ ಬಂದ ಕರಡಿನಲ್ಲಿ ಇಪ್ಪತ್ತನಾಲ್ಕು ಹೆಸರಿದ್ದವು. ಅಮೃತಹಸ್ತದಿಂದ ಉದ್ಘಾಟಿಸಿದವರು, ಘನ ಉಪಸ್ಥಿತಿ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಸದಸ್ಯರು. ಕಟ್ಟಡದ ಹೆಸರು ಮೇಲೆ ದಪ್ಪಕ್ಕೆ ಇತ್ತು. ಅಲ್ಲಿ ಲೈಬ್ರರಿ ಇತ್ತು ಅನ್ನುವ ಮಾತು ಮಾತ್ರ ಎಲ್ಲೂ ಇರಲಿಲ್ಲ. ಕರಡು ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮಲ್ಲಿ ಕಲ್ಲು ಅಂದರೆ ಹಾಗೇ ಅಂತ ಆಗಿಬಿಟ್ಟಿದೆ. ಬಸ್ ಸ್ಟ್ಯಾಂಡ್, ಸಮುದಾಯ ಭವನ, ಚರಂಡಿ, ಸೇತುವೆ, ಎಲ್ಲದಕ್ಕೂ ಒಂದೇ ನಮೂನೆ. ಆದರೆ ಐವತ್ತು ವರ್ಷ ಬಿಟ್ಟು ಯಾವುದೋ ಊರಿನ ಹುಡುಗಿ ಆ ಜಗಲಿ ಮೇಲೆ ನಿಂತಾಗ ಅವಳಿಗೆ ಏನು ಗೊತ್ತಾಗಬೇಕು? ಯಾರು ಯಾವ ಕುರ್ಚಿಯಲ್ಲಿ ಕೂತಿದ್ದರು ಅಂತಲಾ, ಇಲ್ಲಿ ಏನು ನಡೆಯುತ್ತಿತ್ತು ಅಂತಲಾ?

ಹಿಂದಿನವರು ಹೇಗೆ ಬರೆಯುತ್ತಿದ್ದರು ನೋಡೋಣ ಅಂತ ಒಂದು ಭಾನುವಾರ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋದೆ. ಪ್ರಣವೇಶ್ವರ ದೇವಸ್ಥಾನದ ಮುಂದೆ ಆ ಕಂಬ ನಿಂತಿದೆ. ಎಂಟು ಮುಖದ ಕಂಬ, ಅಕ್ಷರದ ತಲೆ ಪುಟ್ಟ ಪೆಟ್ಟಿಗೆಯ ಹಾಗೆ ಚೌಕ. ಕದಂಬರ ಶಾಂತಿವರ್ಮನ ಕಾಲದ್ದು, ಐದನೇ ಶತಮಾನ. ಬಿ.ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳಲ್ಲಿ ಪ್ರಕಟಿಸಿದರು. 1902ರಲ್ಲಿ ಬಂದ 7ನೆಯದರಲ್ಲಿ ಇದು ಶಿಕಾರಿಪುರದ 176ನೇ ಶಾಸನ. ಮಾತು ಸಂಸ್ಕೃತ. ನನಗೆ ಓದಲು ಬರುವುದಿಲ್ಲ, ಅನುವಾದ ಇಟ್ಟುಕೊಂಡೇ ಹೋಗಿದ್ದೆ.

ಈ ಶಾಸನ ಇರುವುದು ಯಾತಕ್ಕೆ ಗೊತ್ತಾ? ಒಂದು ಕೆರೆಗೆ. ಶಾಂತಿವರ್ಮನ ಅಪ್ಪ ಕಾಕುಸ್ಥವರ್ಮ ದೇವಸ್ಥಾನದ ಹತ್ತಿರ ಕೆರೆ ಕಟ್ಟಿಸಿದ. ಅದನ್ನು ಹೇಳುವ ಕಲ್ಲು ಇದು. ಆದರೆ ಕೆರೆಗೆ ಬರುವ ಮೊದಲು ಅದು ಓದಲು ಹೋದ ಒಬ್ಬ ಹುಡುಗನ ಕಥೆ ಹೇಳುತ್ತದೆ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿದ್ದು, ಆ ಅವಮಾನ ಸಹಿಸದೆ ಅವನು ಕತ್ತಿ ಹಿಡಿದಿದ್ದು. ಕೊನೆಯಲ್ಲಿ ಬರೆದವನ ಹೆಸರಿದೆ. ಕುಬ್ಜ. ಈ ಕಾವ್ಯ ತನ್ನದು, ಕಲ್ಲಿನ ಮೇಲೆ ಬರೆದದ್ದೂ ತಾನೇ ಅಂತ ಕುಬ್ಜ ಹೇಳಿಕೊಳ್ಳುತ್ತಾನೆ. ಹದಿನೈದು ನೂರು ವರ್ಷ ಆದ ಮೇಲೂ ಅವನ ಹೆಸರು ಓದುತ್ತಿದ್ದೇವೆ.

ಅಲ್ಲಿಂದ ಬಳ್ಳಿಗಾವಿ ಹತ್ತಿರ. ಅಲ್ಲಿನ ಕೋಡಿಮಠದ 1162ರ ಶಾಸನ ನನ್ನ ಕೆಲಸಕ್ಕೆ ಇನ್ನೂ ಹತ್ತಿರದ್ದು. ಅದು ಒಂದು ವಿದ್ಯಾಸ್ಥಾನದ ವಿವರ. ಇಲ್ಲಿ ನಾಲ್ಕು ವೇದ ಓದುತ್ತಾರೆ, ವ್ಯಾಕರಣ ಓದುತ್ತಾರೆ ಅಂತ ಒಂದೊಂದಾಗಿ ಹೇಳುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಇಲ್ಲಿ ಬಡವರಿಗೆ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಊಟ ಇದೆ, ರೋಗಿಗಳಿಗೆ ಔಷಧ ಇದೆ ಅನ್ನುತ್ತದೆ. ಹಾಡುವವರು, ಕಥೆ ಹೇಳುವವರು, ವಾದ್ಯ ನುಡಿಸುವವರೂ ಬರುತ್ತಾರೆ. ಓದುತ್ತಾ ಹೋದರೆ ಆ ಮಠದ ಅಂಗಳದಲ್ಲಿ ನಿಂತ ಹಾಗಾಗುತ್ತದೆ. ಯಾರು ಕೊಟ್ಟರು ಅನ್ನುವುದರ ಜೊತೆಗೆ ಯಾರಿಗೆ, ಯಾತಕ್ಕೆ ಅನ್ನುವುದೂ ಅಲ್ಲಿದೆ. ಆ ಶಾಸನ ಬರೆದವರಿಗೆ ಗೊತ್ತಿದ್ದದ್ದು ನಮ್ಮ ಗ್ರಾನೈಟ್ ಕಲ್ಲುಗಳಿಗೆ ಯಾಕೆ ಮರೆತುಹೋಯಿತು?

ಹೀಗೆ ತಯಾರಾದ ನನ್ನ ಮೊದಲ ಕರಡು ಹನ್ನೊಂದು ಸಾಲು ಬೆಳೆಯಿತು. 1935, ಕಟ್ಟಿಸಿದವರು, ಸರ್ವರಿಗೂ ಅನ್ನುವ ಮಾತು, ಎಷ್ಟು ಪುಸ್ತಕ, ಯಾವ್ಯಾವ ಪತ್ರಿಕೆ. ಕೆತ್ತುವವರು ವಾಪಸ್ ಕಳಿಸಿದ್ದು ಅದನ್ನೇ. ಆರು ಸಾಲು ಮಾಡುವ ಮೊದಲು, ಆ ಲೈಬ್ರರಿಯಲ್ಲಿ ತುಂಬ ಓದಿದವರೊಬ್ಬರಿಗೆ ತೋರಿಸೋಣ ಅನ್ನಿಸಿತು. ನಮ್ಮ ಮೇಷ್ಟ್ರ ಮನೆಗೆ ಹೋದೆ. ನಾಲ್ಕನೇ ಕ್ಲಾಸಿನಲ್ಲಿ ನನಗೆ ಪಾಠ ಹೇಳಿದವರು. ಈಗ ಎಂಬತ್ತು ದಾಟಿದೆ. ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡು ಸಲ ಓದಿದರು. ಒಳಗಿನಿಂದ ಕಷಾಯ ಬಂತು. ಅದು ಆರುವವರೆಗೂ ಅವರು ಮಾತಾಡಲಿಲ್ಲ.

"ಆ ಬಲಗಡೆ ಇರೋ ಸಿಮೆಂಟ್ ಕಲ್ಲು ಏನ್ಮಾಡ್ತೀರಾ?" ಅಂದರು.

ತೆಗೀತೀವಿ ಮೇಷ್ಟ್ರೇ, ಒಡೆದುಹೋಗಿದೆ, ಅಂದೆ.

"ಅಲ್ಲ ಕಣಮ್ಮ, ನನಗೆ ಆ ಕಲ್ಲೇ ಮುಖ್ಯ."

ಆಮೇಲೆ ಅವರು ಹೇಳಿದ್ದನ್ನು ಆದಷ್ಟು ಅವರ ಮಾತಲ್ಲೇ ಬರೆಯುತ್ತೇನೆ.

"ನಾನು ಮಿಡ್ಲ್ ಸ್ಕೂಲಿಗೆ ನಾಲ್ಕು ಮೈಲಿ ನಡೆದು ಬರ್ತಿದ್ದೆ. ಐವತ್ತರ ದಶಕ ಅದು. ಸ್ಕೂಲು ಬಿಟ್ಟ ಮೇಲೆ ಜೊತೆ ಸಿಗೋವರೆಗೂ ಕಾಯ್ಬೇಕು. ಲೈಬ್ರರಿ ಹತ್ರ ನಿಲ್ತಿದ್ದೆ. ಬರಬೇಡ ಅಂತ ಯಾರೂ ಹೇಳಿದ್ದಿಲ್ಲ. ಬಾ ಅಂತಲೂ ಹೇಳಿದ್ದಿಲ್ಲ. ನಮ್ಮಪ್ಪ ಹೇಳಿದ್ರು, ಮೆಟ್ಟಿಲು ಹತ್ತಬೇಡ ಮಗಾ ಅಂತ. ಅಷ್ಟು ಸಾಕಾಗಿತ್ತು. ಪಕ್ಕದ ಕಿಟಕಿ ಇದೆಯಲ್ಲ, ಅದರ ಕೆಳಗೆ ಒಂದು ಕಲ್ಲು ಇತ್ತು. ಅದರ ಮೇಲೆ ನಿಂತ್ರೆ ಸರಳಿನ ಸಂದಿಯಿಂದ ಮೇಜಿನ ಮೇಲಿನ ಪೇಪರ್ ಕಾಣೋದು. ಒಂದು ಪುಟ ಮಾತ್ರ. ಒಳಗಿದ್ದವರು ಮಗುಚಿದ್ರೆ ಇನ್ನೊಂದು ಪುಟ. ಹಾಗೆ ಓದ್ತಿದ್ದೆ. ಬಾಗಿಲ ಮೇಲೆ ಏನು ಬರೆದಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಅಲ್ಲಿವರೆಗೂ ಹೋಗಿದ್ರೆ ತಾನೇ?"

ನಾನು ಏನೂ ಹೇಳಲಿಲ್ಲ. ಹೇಳಲು ಏನೂ ಇರಲಿಲ್ಲ.

"ಅಸ್ಪೃಶ್ಯತೆ ಅಪರಾಧ ಅಂತ 1955ರಲ್ಲೇ ಕಾಯ್ದೆ ಬಂತು. ಕಾಯ್ದೆ ಬಂದ ತಕ್ಷಣ ಕಾಲು ಏಳಲ್ಲ ಕಣಮ್ಮ. ನಾನು ಮೇಷ್ಟ್ರಾಗಿ ವಾಪಸ್ ಇದೇ ಊರಿಗೆ ಬಂದೆ. ಆಗಲೂ ಹತ್ತಲಿಲ್ಲ. ಆಮೇಲೆ ಸರ್ಕಾರದವರು ತಗೊಂಡ್ರು. ಹೊರಗೆ ಆ ಕಲ್ಲು ಬಂತು. ಬಾಗಿಲಿಗೆ ಒಂದು ನೋಟೀಸು ಅಂಟಿಸಿದ್ರು. ಡಿಪಾಸಿಟ್ ಕಟ್ಟಿದವರು ಯಾರು ಬೇಕಾದ್ರೂ ಸದಸ್ಯರಾಗಬಹುದು ಅಂತ. ಯಾರು ಬೇಕಾದ್ರೂ ಅಂತ ಇತ್ತು. ಅವತ್ತು ಸಂಬಳ ಆಗಿತ್ತು. ಹೋಗಿ ದುಡ್ಡು ಇಟ್ಟೆ. ರಿಜಿಸ್ಟರಲ್ಲಿ ಹೆಸರು ಬರೆದು ಕಾರ್ಡು ಕೊಟ್ರು. ನನ್ನ ನಂಬರ್ ಹದಿನೇಳು. ಕಿಟಕಿ ಪಕ್ಕದ ಬೆಂಚಲ್ಲಿ ಕೂತು ಪೇಪರ್ ಪೂರ್ತಿ ಓದಿದೆ. ಅವತ್ತಿನ ಪೇಪರಲ್ಲಿ ಏನಿತ್ತು ಅಂತ ನೆನಪಿಲ್ಲ. ಪುಟ ನಾನೇ ಮಗುಚಿದ್ದು ನೆನಪಿದೆ."

ನನ್ನ ಹಾಳೆಯಲ್ಲಿ ‘ಸರ್ವರಿಗೂ’ ಅನ್ನುವ ಪದ ದೊಡ್ಡದಾಗಿತ್ತು. ಅದರ ಕೆಳಗೆ ನಾನು ಎರಡು ಗೆರೆ ಎಳೆದಿದ್ದೆ. ಆ ಗೆರೆಗಳನ್ನು ನೋಡುತ್ತಾ ಕೂತೆ.

ಮನೆಗೆ ಬಂದ ಮೇಲೆ ಅಮ್ಮನನ್ನು ಕೇಳಿದೆ, ನೀನು ಯಾವಾಗ ಹೋಗಿದ್ದು ಅಂತ. ಮದುವೆಗೆ ಮುಂಚೆ ಒಳಗೆ ಹೋಗಿದ್ದೇ ಇಲ್ಲವಂತೆ. ಮಾವ ಅವರ ಹೆಸರಲ್ಲಿ ಪುಸ್ತಕ ತಂದುಕೊಡುತ್ತಿದ್ದರು. ಯಾವ ಪುಸ್ತಕ ಬೇಕು ಅಂತ ಅಮ್ಮ ಚೀಟಿಯಲ್ಲಿ ಬರೆದುಕೊಟ್ಟರೂ ಬರುತ್ತಿದ್ದದ್ದು ಮಾವನಿಗೆ ಸಿಕ್ಕಿದ್ದು. ಅಮ್ಮ ಇದನ್ನು ಸುಮ್ನೆ ಹೇಳಿ, ಒಲೆಯ ಕಡೆ ತಿರುಗಿದರು. ನಾನು ಅದೇ ಲೈಬ್ರರಿಯಲ್ಲಿ ಎಂಟು ವರ್ಷದವಳಿದ್ದಾಗಿನಿಂದ ನೆಲದ ಮೇಲೆ ಕಾಲು ಚಾಚಿ ಕೂತು ಓದಿ ಬೆಳೆದವಳು. ಅದು ಮೊದಲಿನಿಂದಲೂ ಹಾಗೇ ಇತ್ತು ಅಂತ ಅಂದುಕೊಂಡಿದ್ದೆ.

ಆ ಸಿಮೆಂಟ್ ಕಲ್ಲಿನ ಹಿಂದೆ ಏನಿತ್ತು ಅಂತ ಆಮೇಲೆ ಸರಿಯಾಗಿ ಓದಿಕೊಂಡೆ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಮರುವರ್ಷದ ನವೆಂಬರ್ 1ರಿಂದ ಜಾರಿಗೆ ಬಂತು. ಲೈಬ್ರರಿ ಅನ್ನುವುದು ದಾನಿಗಳ ಮನಸ್ಸಿನ ಮೇಲೆ ನಿಂತಿರಬಾರದು, ಅದಕ್ಕೆ ಜನರಿಂದಲೇ ಕರ ಎತ್ತಬೇಕು ಅನ್ನುವುದು ಅದರ ಮುಖ್ಯ ಮಾತು. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ ಕರ, ಭಿಕ್ಷುಕರ ಕರದ ಜೊತೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಕಂದಾಯದ ಪ್ರತಿ 100 ರೂಪಾಯಿಗೆ 6 ರೂಪಾಯಿ. ಮೇಷ್ಟ್ರೂ ಕಟ್ಟಿದ್ದಾರೆ, ಅಮ್ಮನೂ ಕಟ್ಟಿದ್ದಾರೆ, ನಾನೂ ಕಟ್ಟುತ್ತಿದ್ದೇನೆ. 1935ರ ಬಾಗಿಲು ಒಬ್ಬರ ಔದಾರ್ಯದ ಬಾಗಿಲು. 1971ರಲ್ಲಿ ಅದು ಹಕ್ಕಿನ ಬಾಗಿಲಾಯಿತು. ಕಟ್ಟಿಸಿದವರ ಒಳ್ಳೇತನದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಅವರು ಬರೆಸಿದ ಮಾತು ಅವರ ಊರಿಗಿಂತ ಮುಂದೆ ಇತ್ತು. ಆ ಮಾತಿನ ಹತ್ತಿರ ಊರು ಬಂದಿದ್ದು ಈ ಒಡೆದ ಸಿಮೆಂಟ್ ಹಲಗೆಯ ಕಾಲದಲ್ಲಿ. ಅಂದಮೇಲೆ ಅದನ್ನು ಕೀಳುವುದು ಹೇಗೆ?

ಮುಂದಿನ ಮೀಟಿಂಗಿನಲ್ಲಿ ಎರಡು ವಿಷಯ ಹೇಳಿದೆ. ಸಿಮೆಂಟ್ ಕಲ್ಲು ಇರಬೇಕು. ಹೊಸ ಕಲ್ಲಿನಲ್ಲಿ ‘ಎಲ್ಲರೂ ಒಳಗೆ ಬಂದು ಕೂರಲು ಬಹಳ ವರ್ಷ ಹಿಡಿಯಿತು’ ಅಂತ ಒಂದು ಸಾಲು ಇರಬೇಕು.

ಮೊದಲನೆಯದಕ್ಕೆ ಎಲ್ಲರೂ ಒಪ್ಪಿದರು. ಎರಡನೆಯದಕ್ಕೆ ಜೋರು ಮಾತಾಯಿತು. ಒಳ್ಳೇ ದಿನ ಹಾಕುವ ಕಲ್ಲಿನಲ್ಲಿ ಇಂಥ ಮಾತು ಯಾಕೆ ಅಂದರು ಒಬ್ಬರು. ಹಳೇದನ್ನು ಕೆದಕಿ ಏನು ಸಿಗುತ್ತೆ ಅಂದರು ಇನ್ನೊಬ್ಬರು. ಇದನ್ನು ಓದಿದವರು ನಮ್ಮೂರನ್ನು ಏನಂದುಕೊಳ್ತಾರೆ ಅನ್ನುವ ಚಿಂತೆ ಕೆಲವರಿಗೆ. ಅವರೆಲ್ಲ ಕೆಟ್ಟವರಲ್ಲ. ಆ ಮಾಡಿಗೆ ಹೆಂಚು ಹೊತ್ತವರು, ಕೈಯಿಂದ ದುಡ್ಡು ಹಾಕಿದವರು. ನಾನು ಮೇಷ್ಟ್ರು ಹೇಳಿದ ಕಿಟಕಿಯ ವಿಷಯ ಹೇಳಿದೆ. ಮೇಷ್ಟ್ರು ಅಲ್ಲೇ ಇದ್ದರು. ಅವರನ್ನು ಎಲ್ಲರ ಮುಂದೆ ಸಾಕ್ಷಿಯಾಗಿ ನಿಲ್ಲಿಸಿದ ಹಾಗಾಯಿತಲ್ಲ ಅಂತ ನನಗೆ ಕಸಿವಿಸಿ ಆಯಿತು. ಅವರು ಕೂತಲ್ಲಿಂದಲೇ ಹೇಳಿದರು: "ಕಿಟಕಿ ಹತ್ರ ನಿಂತಿದ್ದೂ ಬರೀರಿ, ಒಳಗೆ ಕೂತಿದ್ದೂ ಬರೀರಿ. ಎರಡೂ ಇದೇ ಊರಲ್ಲೇ ಆಗಿದ್ದು."

ಆಮೇಲೆ ನಾನು ಎಣಿಸದೇ ಇದ್ದದ್ದು ನಡೆಯಿತು. ಕಟ್ಟಡ ಕಟ್ಟಿಸಿದವರ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದರು. ಅವರಿಗೂ ಅರವತ್ತರ ಮೇಲಾಗಿದೆ. ಅವರು ಬೇಸರ ಮಾಡಿಕೊಳ್ಳುತ್ತಾರೆ ಅಂತ ನಾನು ಅಳುಕುತ್ತಿದ್ದೆ. ಅವರು ಹಾಳೆ ಈಸಿಕೊಂಡು ಓದಿ, "ಬಹಳ ವರ್ಷ ಅಂತ ಯಾಕೆ? ಲೆಕ್ಕ ಗೊತ್ತಿದೆಯಲ್ಲ. ಮೂವತ್ತಾರು ಅಂತಲೇ ಹಾಕಿ," ಅಂದರು.

ಯಾರೂ ಮಾತಾಡಲಿಲ್ಲ. ಸಾಲು ಉಳಿಯಿತು. ಅಕ್ಷರವೂ ಕಮ್ಮಿ ಆಯಿತು.

ಇಪ್ಪತ್ತನಾಲ್ಕು ಹೆಸರನ್ನು ನಾವು ಬಿಡಲಿಲ್ಲ. ಮೇಸ್ತ್ರಿ, ಬಡಗಿ, ಹೆಂಚು ಹೊದಿಸಿದವರು, ಸುಣ್ಣ ಅರೆದ ಹೆಂಗಸರ ಹೆಸರನ್ನೂ ಸೇರಿಸಿ ಮರದ ಹಲಗೆಯ ಮೇಲೆ ಬರೆಸಿ ಒಳಗಿನ ಗೋಡೆಗೆ ಹಾಕಿದ್ದೇವೆ. ಅದು ಉದ್ದವಾಗಿದೆ, ಚೆನ್ನಾಗಿದೆ. ನಿಂತು ತಮ್ಮವರ ಹೆಸರು ಹುಡುಕುವವರು ದಿನಾ ಇರುತ್ತಾರೆ. ಕುಪ್ಪಳಿಯ ಕವಿಶೈಲದಲ್ಲಿ 1936ರಲ್ಲಿ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಬಂಡೆಯ ಮೇಲೆ ಕೆತ್ತಿದ ಹೆಸರುಗಳನ್ನು ನೋಡಲು ಎಷ್ಟು ಜನ ಬಗ್ಗುತ್ತಾರೆ ನೋಡಿ. ಹೆಸರಿಗೆ ಆ ಸೆಳೆತ ಇದೆ. ಅದನ್ನು ಬೇಡ ಅನ್ನಲು ನಾನ್ಯಾರು? ಬಾಗಿಲ ಪಕ್ಕದ ಕಲ್ಲಿಗೆ ಬೇರೆ ಕೆಲಸ ಇದೆ ಅಂತ ಮಾತ್ರ ನನ್ನ ವಾದ.

ಮತ್ತೆ ಶಿವಮೊಗ್ಗಕ್ಕೆ ಹೋದೆ. ಈ ಸಲ ಹಾಳೆಯಲ್ಲಿ ಇದ್ದದ್ದು ಇಷ್ಟು:

ಊರವರು ಓದಲಿ ಎಂದು 1935ರಲ್ಲಿ ಈ ಮನೆ ಕಟ್ಟಿಸಿದರು.
2008ರವರೆಗೆ ಇಲ್ಲಿ ಲೈಬ್ರರಿ ಇತ್ತು.
ಬಾಗಿಲ ಮೇಲಿನ ಕಲ್ಲು ‘ಸರ್ವರಿಗೂ’ ಎನ್ನುತ್ತದೆ.
ಎಲ್ಲರೂ ಒಳಗೆ ಬಂದು ಕೂರಲು 36 ವರ್ಷ ಹಿಡಿಯಿತು.
ಮಾಡು, ಗೋಡೆ, ಬಾಗಿಲು ಸರಿಮಾಡಿದ್ದು 2023.

ಗ್ರಂಥಾಲಯ ಅಂತ ಹಾಕಬೇಕು ಅನ್ನುವವರೂ ಇದ್ದರು. ಊರಲ್ಲಿ ಯಾರೂ ಆ ಮನೆಯನ್ನು ಗ್ರಂಥಾಲಯ ಅಂತ ಕರೆದದ್ದಿಲ್ಲ. ಲೈಬ್ರರಿ ಅಂತಲೇ ಉಳಿಸಿಕೊಂಡೆ.

ಕೆತ್ತುವವರು ಎಣಿಸಿದರು. "ಸರಿಯಾಗಿದೆ. ಐದೇ ಸಾಲು. ಆರನೇದು?"

ಖಾಲಿ ಬಿಡಿ, ಅಂದೆ. ಹೆಂಚಿನ ಮಾಡು ಒಂದು ಸಲ ಸರಿಮಾಡಿದರೆ ಮುಗಿಯುವುದಿಲ್ಲ. ಮುಂದಿನ ಸಲ ಮಾಡಿದವರು ಆ ಇಸವಿ ಹಾಕಿಕೊಳ್ಳಲಿ.

ಅವರಿಗೆ ಅದು ಹಿಡಿಸಿತು ಅಂತ ಕಾಣುತ್ತದೆ. ಆಗ ನಾನು ತಾಳಗುಂದದ ಕುಬ್ಜನ ವಿಷಯ ಹೇಳಿದೆ. ನಿಮ್ಮ ಹೆಸರನ್ನೂ ಕೆಳಗೆ ಸಣ್ಣದಾಗಿ ಹಾಕಿ ಅಂದೆ. ಬೇಡ ಅಂದರು. ಹೊಸ ಅಕ್ಷರ ಬಂದರೆ ಸಾಲಿನ ಅಂದ ಕೆಡುತ್ತದಂತೆ. ನಾನು ಬಿಡಲಿಲ್ಲ. ಕೊನೆಗೆ ಕಲ್ಲಿನ ದಪ್ಪದ ಕಡೆ ಬೆರಳಿಟ್ಟು ತೋರಿಸಿದರು. ಗೋಡೆಯೊಳಗೆ ಹೋಗುವ ಅಂಚು ಅದು. "ಇಲ್ಲಿ ಹಾಕ್ತೀನಿ. ಕಲ್ಲು ಕಿತ್ತಾಗ ಮಾತ್ರ ಕಾಣುತ್ತೆ." ಹೆಂಚಿನ ಅಡಿಯ ಅಚ್ಚಿನ ಹಾಗೆ. ಗ್ರಾನೈಟಿಗೆ ಈಗ ಮಷೀನೇ ಜಾಸ್ತಿ. ಸ್ಟಿಕ್ಕರ್ ಅಂಟಿಸಿ ಮರಳು ಹಾಯಿಸಿದರೆ ಅಕ್ಷರ ಬರುತ್ತದೆ. ಮುಂದಿನ ಮುಖವನ್ನು ಹಾಗೇ ಮಾಡಿದರು. ಅಂಚಿನ ಹೆಸರನ್ನು ಮಾತ್ರ ಉಳಿ ಹಿಡಿದು ಕೈಯಲ್ಲೇ ಕೆತ್ತಿದರು. ಅಪ್ಪ ಕಲಿಸಿದ ಕೆಲಸವಂತೆ. ಒಂದು ಅರ್ಧ ಗಂಟೆ ನಾನು ಪಕ್ಕದಲ್ಲಿ ನಿಂತು ನೋಡಿದೆ. ಪ್ರತಿ ಅಕ್ಷರ ಆದ ಮೇಲೆ ಪುಡಿಯನ್ನು ಉಫ್ ಅಂತ ಊದಿ, ಹೆಬ್ಬೆರಳಿನಿಂದ ಒಮ್ಮೆ ಸವರಿ, ಮುಂದಿನದಕ್ಕೆ ಹೋಗುತ್ತಿದ್ದರು.

ಸಿಮೆಂಟ್ ಕಲ್ಲನ್ನು ಗೋಡೆಯಿಂದ ಬಿಡಿಸಿ, ತುಕ್ಕು ಕೆರೆದು, ಬಿರುಕು ತುಂಬಿ, ಗೋಡೆಗೆ ನೀರು ಇಳಿಯದ ಹಾಗೆ ಸ್ವಲ್ಪ ಮುಂದಕ್ಕೆ ಕೊಟ್ಟು ಮತ್ತೆ ಅದೇ ಜಾಗದಲ್ಲಿ ಕೂರಿಸಿದೆವು. ಹೊಸ ಕಲ್ಲು ಎಡಗಡೆ. ಹಳೆಯದು ಬಾಗಿಲ ಮೇಲೆ, ಅರ್ಕಾವೊತ್ತಿನ ಸಮೇತ.

ಮೇಷ್ಟ್ರು ಬಂದಿದ್ದು ಉದ್ಘಾಟನೆಯ ದಿನ ಅಲ್ಲ. ಅದಾಗಿ ನಾಲ್ಕು ದಿನಕ್ಕೆ, ಮಧ್ಯಾಹ್ನ, ಕೊಡೆ ಊರಿಕೊಂಡು ಒಬ್ಬರೇ ಬಂದರು. ಮೆಟ್ಟಿಲು ನಿಧಾನಕ್ಕೆ ಹತ್ತಿದರು. ತಲೆ ಎತ್ತಿ ಮೇಲಿನ ಕಲ್ಲು ಓದಿದರು. ಎಡಗಡೆಯದು ಓದಿದರು. ಆಮೇಲೆ ಬಲಗಡೆಗೆ ಬಂದು, ಕನ್ನಡಕ ತೆಗೆದು, ಹತ್ತಿರದಿಂದ ನೋಡಿದರು. ನಾನು ಬಾಗಿಲಲ್ಲೇ ನಿಂತಿದ್ದೆ.

"ಇದು ಒಂಚೂರು ವಾಲಿದೆ ಕಣಮ್ಮ," ಅಂದರು.

ಮಾರನೇ ದಿನ ಮೇಸ್ತ್ರಿ ರಸಮಟ್ಟ ಇಟ್ಟು ನೋಡಿದರು. ಹೌದು, ವಾಲಿತ್ತು. ಸಡಿಲಿಸಿ ಸರಿಯಾಗಿ ಕೂರಿಸಿದೆವು.